ಗಂಟಲಿಗೆ ಮುಳ್ಳು ಚುಚ್ಚಿದ ಮೇಲೆ ಮಗಳಿಗೆ ಮತ್ತೆ ಮೀನು ತಿನ್ನಿಸಿದ್ದು

ಐದು ವರ್ಷದವಳಿದ್ದಾಗ ಮಗಳ ಗಂಟಲಿಗೆ ಬೂತಾಯಿ ಮೀನಿನ ಮುಳ್ಳು ಚುಚ್ಚಿತು. ಆಸ್ಪತ್ರೆಗೆ ಹೋಗಿ ತೆಗೆಸಿದೆವು. ಆಮೇಲೆ ಒಂದೂವರೆ ವರ್ಷ ಮೀನಿನ ಪರಿಮಳ ಬಂದರೂ ಬಟ್ಟಲು ದೂಡುತ್ತಿದ್ದಳು. ಮಲ್ಪೆ ಬಂದರಿನ ಹತ್ತಿರದ ಮನೆಯಲ್ಲಿ ಮಗು ಮೀನು ಮುಟ್ಟುವುದಿಲ್ಲ ಅಂದರೆ ಅತ್ತೆಗೆ ಊಟವೇ ಸೇರದು.

ನಾನು ಪ್ರಾಥಮಿಕ ಶಾಲೆಯ ಟೀಚರ್. ಮೆದುಳಿಗೆ ಬೇಕಾದ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬನ್ನು ನಮ್ಮ ದೇಹ ತೀರಾ ಕಡಿಮೆ ತಯಾರಿಸುತ್ತದೆ, ಬೂತಾಯಿ ಬಂಗುಡೆಯಲ್ಲಿ ಅದು ಧಾರಾಳ ಎಂದು ಗೊತ್ತಿತ್ತು. ಚೀನಾದ ಜಿಂತಾನ್‌ನಲ್ಲಿ 9ರಿಂದ 11 ವರ್ಷದ 541 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆಯಾದರೂ ಮೀನು ತಿನ್ನುವವರ ಐಕ್ಯು, ಅಪರೂಪಕ್ಕೆ ತಿನ್ನುವವರಿಗಿಂತ ಸರಾಸರಿ 4.8 ಅಂಕ ಹೆಚ್ಚಿತ್ತು. ನಿದ್ದೆಯೂ ಚೆನ್ನಾಗಿತ್ತು. ಮೀನೊಂದೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ನನ್ನ ಮನಸ್ಸಿನಲ್ಲಿ ಉಳಿದದ್ದು ನಿದ್ದೆಯ ಮಾತು. ನಮ್ಮವಳು ರಾತ್ರಿ ಎರಡು ಸಲ ಏಳುತ್ತಿದ್ದಳು, ಬೆಳಿಗ್ಗೆ ಸಿಡಿಮಿಡಿ.

ದಾರಿ ತೋರಿಸಿದವರು ಮನೆಬಾಗಿಲಿಗೆ ಮೀನು ತರುವ ಅಕ್ಕ. "ಟೀಚರೇ, ಮಗುವಿಗಾದ್ರೆ ಈಗ ಬೂತಾಯಿ ಬೇಡ ಮಾರಾಯ್ರೆ, ಬಂಗುಡೆ ಕೊಂಡೋಗಿ" ಅಂದರು. ಬೆಂದ ಬಂಗುಡೆಯ ಬೆನ್ನಿನುದ್ದಕ್ಕೂ ಹೆಬ್ಬೆರಳು ಒತ್ತಿದರೆ ಮಾಂಸ ಎರಡು ಹೋಳಾಗಿ ಬಿಡುತ್ತದೆ, ನಡುಮುಳ್ಳು ಬಾಚಣಿಗೆಯಂತೆ ಇಡಿಯಾಗಿ ಎದ್ದು ಬರುತ್ತದೆ. ಅದನ್ನು ಅವಳ ಕಣ್ಣೆದುರೇ ಮಾಡಿದೆ. ಪಕ್ಕೆಯ ಸಣ್ಣ ಮುಳ್ಳು ಹುಡುಕುವ ಕೆಲಸ ಅವಳಿಗೇ ಕೊಟ್ಟೆ. ತಿನ್ನು ಎನ್ನಲಿಲ್ಲ. ಮೂರನೇ ವಾರ, ಹುಡುಕಿ ಹುಡುಕಿ ಬೆರಳಿಗಂಟಿದ ಚೂರನ್ನು ತಾನೇ ನೆಕ್ಕಿದಳು. ನಾನು ನೋಡಿಯೂ ನೋಡದವಳಂತೆ ಗಂಜಿ ಬಡಿಸಿದೆ.

ಈಗ ವಾರಕ್ಕೆ ಎರಡು ದಿನ ಮೀನು. ಹೆಚ್ಚಾಗಿ ಗಸಿ, ಹುರಿಯುವುದು ಅಪರೂಪ. ತಾಟೆ, ಅಂದರೆ ಶಾರ್ಕ್, ಮಗುವಿಗೆ ಕೊಡುವುದಿಲ್ಲ. ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನುಗಳಲ್ಲಿ ಪಾದರಸ ಸೇರಿಕೊಂಡಿರುತ್ತದೆ. ಒಮೆಗಾ-3 ಮಾತ್ರೆಯ ಗೋಜಿಗೆ ಹೋಗಲಿಲ್ಲ.

ನಾಲ್ಕೈದು ತಿಂಗಳಲ್ಲಿ ರಾತ್ರಿ ಏಳುವುದು ನಿಂತಿತು. ಕಥೆ ಓದುವಾಗ ಪುಟ ಮುಗಿಯುವವರೆಗೂ ಕೂರುತ್ತಾಳೆ. ಎಲ್ಲವೂ ಮೀನಿನ ಪುಣ್ಯ ಎಂದು ನಾನು ಹೇಳಲಾರೆ, ಯಾಕೆಂದರೆ ಅದೇ ಹೊತ್ತಿಗೆ ಇನ್ನೊಂದೂ ನಡೆಯಿತು: ಮುಳ್ಳು ಬಿಡಿಸಲು ಎರಡು ಕೈ, ಎರಡು ಕಣ್ಣು ಬೇಕು, ಹಾಗಾಗಿ ಊಟದ ಹೊತ್ತಿನ ಮೊಬೈಲ್ ತಾನಾಗಿ ದೂರವಾಯಿತು. ನನಗಂತೂ ಎರಡೂ ಬೇಕಿತ್ತು.

ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ನಾಡದೋಣಿಯವರ ಮೀನು ಸಿಕ್ಕಿದರೆ ತರುತ್ತೇನೆ. ಸಿಗದ ವಾರ ಒಣಮೀನು ನೆನೆಸಿ, ಉಪ್ಪು ಹೋಗುವಷ್ಟು ತೊಳೆದು ಚಟ್ನಿ ಮಾಡುತ್ತೇನೆ, ಅವಳ ಬಟ್ಟಲಿಗೆ ಸ್ವಲ್ಪವೇ ಸ್ವಲ್ಪ.