ಮಜ್ಜಿಗೆ ಒಡೆಯದಂತೆ, ಬಾಟಲಿ ಬಿರಿಯದಂತೆ: ಫ್ರೀಜರ್‌ನಲ್ಲಿ ಪಾನೀಯ ಇಡುವುದು ಹೇಗೆ?

ಮೇ ತಿಂಗಳು ಬಂತೆಂದರೆ ಮುಂಬೈ ಮನೆಗಳ ಫ್ರೀಜರ್ ಬಾಗಿಲು ಮುಚ್ಚುವುದೇ ಕಷ್ಟ. ನೀರಿನ ಬಾಟಲಿ, ಕೋಕಮ್ ಶರಬತ್ತು, ಮಜ್ಜಿಗೆ, ಕಬ್ಬಿನ ಹಾಲು, ಆಪೂಸ್ ರಸ, ಎಲ್ಲವೂ ಅಲ್ಲೇ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿಯುವವರಿಗೂ, ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೊರಟವರಿಗೂ ಐಸ್ ಕಟ್ಟಿದ ಬಾಟಲಿ ಬೇಕೇ ಬೇಕು. ಆದರೆ ಎಲ್ಲ ಪಾನೀಯಗಳೂ ಫ್ರೀಜರ್‌ನಲ್ಲಿ ಒಂದೇ ಥರ ಇರುವುದಿಲ್ಲ. ಒಂದು ವಿಷಯ ಗೊತ್ತಿದ್ದರೆ ಸಾಕು, ಯಾವುದನ್ನು ಹೇಗೆ ಇಡಬೇಕೆಂದು ನೀವೇ ಹೇಳಬಹುದು. ಫ್ರೀಜರ್‌ನಲ್ಲಿ ಮೊದಲು ಗಟ್ಟಿಯಾಗುವುದು ಪಾನೀಯದೊಳಗಿನ ನೀರು ಮಾತ್ರ.

ನೀರು ಐಸ್ ಆಗುವಾಗ ಅದರ ಕಣಗಳು ಅಚ್ಚುಕಟ್ಟಾಗಿ ಜೋಡಿಸಿಕೊಳ್ಳುತ್ತವೆ. ಆ ಜೋಡಣೆಯಲ್ಲಿ ಸಕ್ಕರೆಗೆ, ಉಪ್ಪಿಗೆ, ಬಣ್ಣಕ್ಕೆ, ಗಾಳಿಗೆ ಜಾಗವಿಲ್ಲ. ಅವೆಲ್ಲ ಪಕ್ಕಕ್ಕೆ ಸರಿದು, ಇನ್ನೂ ಗಟ್ಟಿಯಾಗದ ನೀರಿನಲ್ಲಿ ಸೇರಿಕೊಳ್ಳುತ್ತವೆ. ಶಾಲೆ ಬಿಟ್ಟ ಮಕ್ಕಳು ಚೀಪುವ ಉದ್ದನೆಯ ಪ್ಲಾಸ್ಟಿಕ್ ಕೊಳವೆಯ ಐಸನ್ನು ಗಮನಿಸಿ. ಮೊದಲು ಚೀಪಿದಾಗ ಕಿತ್ತಳೆ ಬಣ್ಣವೂ ಸಿಹಿಯೂ ಜೋರಾಗಿ ಬಾಯಿಗೆ ಬರುತ್ತವೆ. ಸ್ವಲ್ಪ ಹೊತ್ತಿಗೆ ಕೊಳವೆಯಲ್ಲಿ ಉಳಿಯುವುದು ಬಿಳಿಚಿದ, ಸಪ್ಪೆ ಐಸ್. ಸಿಹಿ ಐಸ್ ಹರಳಿನ ಒಳಗೆ ಇರುವುದೇ ಇಲ್ಲ. ಹರಳುಗಳ ಸಂದಿಯಲ್ಲಿ ದಪ್ಪ ಪಾಕವಾಗಿ ಕೂತಿರುತ್ತದೆ. ಚೀಪಿದರೆ ಮೊದಲು ಬರುವುದು ಅದೇ. ಟ್ರೇಯ ಐಸ್ ತುಂಡಿನ ನಡುವೆ ಬೆಳ್ಳಗೆ ಮಂಜು ಕವಿದಂತೆ ಕಾಣುತ್ತದೆ ಅಲ್ವಾ? ಅದೂ ಹೀಗೆ ಒಳಕ್ಕೆ ತಳ್ಳಿಸಿಕೊಂಡ ಗಾಳಿಯ ಗುಳ್ಳೆಗಳದೇ ಕೆಲಸ.

ಕರಗಿದ ಪದಾರ್ಥ ಜಾಸ್ತಿ ಇದ್ದಷ್ಟೂ ಪಾನೀಯ ಗಟ್ಟಿಯಾಗಲು ಹೆಚ್ಚು ತಂಪು ಬೇಕು. ನೀರಿಗೆ 0 ಡಿಗ್ರಿ ಸಾಕು, ಹಾಲಿಗೆ ಸುಮಾರು ಮೈನಸ್ 0.5 ಬೇಕು. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರಲ್ಲಿರುತ್ತದೆ. ಅಷ್ಟಿದ್ದರೂ ದಪ್ಪ ಕೋಕಮ್ ಪಾಕ ಕಲ್ಲಾಗುವುದಿಲ್ಲ, ಚಮಚ ಇಳಿಯುತ್ತದೆ. ಫ್ರೀಜರ್ ಕೆಟ್ಟಿದೆ ಎಂದು ಸುಮ್ನೆ ಗಾಬರಿಯಾಗಬೇಡಿ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಬಾಟಲಿ. ನೀರು ಐಸ್ ಆದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 90 ಮಿಲಿ ಲೀಟರ್ ಜಾಗ ಜಾಸ್ತಿ ಬೇಕು. ಹಾಗಾಗಿ ಬಾಟಲಿಯ ಭುಜಕ್ಕಿಂತ ಕೆಳಗೇ ತುಂಬುವುದನ್ನು ನಿಲ್ಲಿಸಿ. ಗಾಜಿನ ಬಾಟಲಿ ಬೇಡವೇ ಬೇಡ. ಕುತ್ತಿಗೆಯಲ್ಲಿ ಮೊದಲು ಐಸ್ ಕಟ್ಟಿಬಿಟ್ಟರೆ ಕೆಳಗಿನದಕ್ಕೆ ಹಿಗ್ಗಲು ದಾರಿಯಿಲ್ಲದೆ ಗಾಜು ಬಿರಿಯುತ್ತದೆ. ಎರಡು ಪದರದ ಸ್ಟೀಲ್ ಫ್ಲಾಸ್ಕ್ ಕೂಡ ಬೇಡ, ಒಳಗೋಡೆ ಉಬ್ಬಿದರೆ ಅದು ಮತ್ತೆ ತಂಪು ಹಿಡಿಯುವುದಿಲ್ಲ.

ಆಫೀಸಿಗೆ, ಪ್ರಯಾಣಕ್ಕೆ ಶರಬತ್ತು ಒಯ್ಯುವವರು ಶರಬತ್ತನ್ನೇ ಐಸ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ದಾದರ್ ಬರುವಷ್ಟರಲ್ಲಿ ಸಿಹಿಯೆಲ್ಲ ಕರಗಿ ಹೊಟ್ಟೆ ಸೇರಿರುತ್ತದೆ, ಉಳಿದ ದಾರಿಗೆ ಸಪ್ಪೆ ನೀರು. ಅದರ ಬದಲು ರಾತ್ರಿ ಪ್ಲಾಸ್ಟಿಕ್ ಬಾಟಲಿಗೆ ಮೂರನೇ ಒಂದು ಭಾಗ ಬರೀ ನೀರು ಹಾಕಿ, ಓರೆಯಾಗಿ ಮಲಗಿಸಿ ಐಸ್ ಮಾಡಿ. ಬೆಳಿಗ್ಗೆ ನೀರು ಕಡಿಮೆ ಹಾಕಿ ಮಾಡಿದ ಕೋಕಮ್ ಶರಬತ್ತು ಮೇಲಿನಿಂದ ಸುರಿಯಿರಿ. ಐಸ್ ಕರಗುತ್ತಾ ಹೋದಂತೆ ರುಚಿ ಹದಕ್ಕೆ ಬರುತ್ತದೆ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲರಿ ಶಾಖ ಬೇಕು. ಅಷ್ಟೇ ಶಾಖಕ್ಕೆ 0 ಡಿಗ್ರಿಯ ಅದೇ ಒಂದು ಗ್ರಾಂ ನೀರು 80 ಡಿಗ್ರಿಗೆ ಏರುತ್ತದೆ! ತಣ್ಣೀರಿಗಿಂತ ಐಸ್ ಬಾಟಲಿ ಅಷ್ಟು ಹೊತ್ತು ತಂಪಾಗಿರಲು ಇದೇ ಕಾರಣ.

ಹಾಲು, ಮಜ್ಜಿಗೆಯ ಕಥೆ ಬೇರೆ. ಹಾಲಿನ ಕೊಬ್ಬಿನ ಸಣ್ಣ ಹನಿಗಳಿಗೆ ತೆಳುವಾದ ಹೊದಿಕೆ ಇರುತ್ತದೆ. ಐಸ್ ಹರಳುಗಳು ಅದನ್ನು ಹರಿದರೆ ಕೊಬ್ಬು ಒಂದಕ್ಕೊಂದು ಅಂಟಿ ಮೇಲೆ ತೇಲುತ್ತದೆ. ಮಜ್ಜಿಗೆಯಲ್ಲಿ ಪ್ರೋಟೀನ್ ಗಂಟುಕಟ್ಟಿ ನೀರು ಬೇರೆಯಾಗುತ್ತದೆ. ಇದು ಕೆಟ್ಟದ್ದಲ್ಲ, ಆದರೆ ಬಾಯಿಗೆ ತರಿತರಿ. ಮಿಕ್ಸಿಯಲ್ಲಿ ಒಮ್ಮೆ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ. ಶುಂಠಿ, ಕೊತ್ತಂಬರಿ, ಒಗ್ಗರಣೆ ಆಮೇಲೆ ಹಾಕಿ. ತೆಂಗಿನ ಹಾಲಿನ ಸೋಲ್‌ಕಢಿಯನ್ನು ಮಾತ್ರ ಆ ಹೊತ್ತಿಗೇ ಮಾಡಿ ಕುಡಿಯಿರಿ.

ಮಾವಿನ ರಸ ಫ್ರೀಜರ್‌ಗೆ ಒಳ್ಳೆಯ ಜೋಡಿ. ತಿರುಳೂ ಸಕ್ಕರೆಯೂ ಇರುವುದರಿಂದ ಹರಳು ದೊಡ್ಡದಾಗುವುದಿಲ್ಲ. ಕಾಫಿ ಡಿಕಾಕ್ಷನ್ ಇನ್ನೂ ಸುಲಭ. ಟ್ರೇಯಲ್ಲಿ ತುಂಡು ಮಾಡಿಟ್ಟು ತಣ್ಣನೆ ಹಾಲಿಗೆ ಹಾಕಿದರೆ ಕರಗಿದಷ್ಟೂ ಕಾಫಿ ಸ್ಟ್ರಾಂಗ್. ಕಬ್ಬಿನ ಹಾಲು ಇಟ್ಟಷ್ಟು ಹೊತ್ತೂ ಕಪ್ಪಾಗುತ್ತದೆ. ತಂದ ಕೂಡಲೇ ಲಿಂಬೆ ಹಿಂಡಿ ಟ್ರೇಗೆ ಸುರಿಯಿರಿ. ಯಾವುದೇ ಆಗಲಿ, ತೆಳ್ಳಗೆ ಹರಡಿದರೆ ಬೇಗ ಗಟ್ಟಿಯಾಗುತ್ತದೆ. ಬೇಗ ಆದರೆ ಹರಳು ಸಣ್ಣದು, ನಿಧಾನವಾದರೆ ದೊಡ್ಡದು. ಮುಚ್ಚಳ ಮರೆಯಬೇಡಿ. ಬಂಗುಡೆ ಇಟ್ಟ ಫ್ರೀಜರ್‌ನಲ್ಲಿ ತೆರೆದಿಟ್ಟ ಡಿಕಾಕ್ಷನ್ ಯಾರಿಗೂ ಬೇಡ.

ಒಂದು ಎಚ್ಚರಿಕೆ. ಫ್ರೀಜರ್ ರೋಗಾಣುಗಳನ್ನು ಸುಮ್ಮನಿರಿಸುತ್ತದೆ ಅಷ್ಟೇ, ಎಲ್ಲವನ್ನೂ ಕೊಲ್ಲುವುದಿಲ್ಲ. ಐಸ್‌ಗೂ ಕುದಿಸಿ ಆರಿಸಿದ ನೀರೇ ಇರಲಿ. ಹೊರಗೆ ಗೋಲಾ, ರಸ ಕುಡಿಯುವಾಗ ಐಸ್ ಬಣ್ಣ ನೋಡಿ. ತಿನ್ನಲು ಯೋಗ್ಯವಲ್ಲದ ಐಸ್‌ಗೆ ನೀಲಿ ಬಣ್ಣ ಹಾಕಬೇಕೆಂದು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) 2018ರಲ್ಲಿ ಆದೇಶಿಸಿತ್ತು.

ಕೊನೆಗೆ ಸೋಡಾ, ಕೋಲಾ, ಬಿಯರ್. ಇವನ್ನು ಫ್ರೀಜರ್‌ಗೆ ಹಾಕಲೇಬಾರದು. ನೀರು ಹಿಗ್ಗುವುದರ ಜೊತೆಗೆ, ಐಸ್‌ನಲ್ಲಿ ಜಾಗ ಸಿಗದ ಗ್ಯಾಸ್ ಉಳಿದ ದ್ರವಕ್ಕೂ ಮೇಲಿನ ಖಾಲಿ ಜಾಗಕ್ಕೂ ನುಗ್ಗುತ್ತದೆ. ಒಳಗಿನ ಒತ್ತಡ ಏರಿ ಕ್ಯಾನ್ ಉಬ್ಬುತ್ತದೆ, ಗಾಜು ಸಿಡಿಯುತ್ತದೆ. ಬೇಗ ತಂಪಾಗಲೆಂದು ಇಟ್ಟು ಮರೆತಿದ್ದರೆ ಕೂಡಲೇ ಮುಚ್ಚಳ ತೆಗೆಯಬೇಡಿ. ಐಸ್ ಹರಳಿನ ಮೇಲೆ ಗುಳ್ಳೆಗಳು ಒಮ್ಮೆಲೇ ಹುಟ್ಟಿ ನೊರೆ ಮುಖಕ್ಕೇ ಚಿಮ್ಮುತ್ತದೆ. ಮಕ್ಕಳನ್ನು ದೂರ ಇರಿಸಿ, ದಪ್ಪ ಟವೆಲ್ ಸುತ್ತಿ, ಪಾತ್ರೆಯೊಳಗೆ ನಿಲ್ಲಿಸಿ ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸಿ. ಐಸ್ ಪೂರ್ತಿ ಕರಗಿದ ಮೇಲೆ, ಸಿಂಕ್‌ನಲ್ಲಿ ಹಿಡಿದು ಮೆಲ್ಲಗೆ ತೆರೆಯಿರಿ. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಕುಡಿಯದೆ ಎಸೆಯಿರಿ.