ಹೊಸಬರಿಗೆ ಮಾರ್ಗದರ್ಶಿ: ಮಗು ಗೋಲೀ ಆದಾಗ ಸ್ಟಿಕ್ ಕೊಳ್ಳುವ ಬಗೆ

ಕೆನಡಾದ ಬ್ರಾಂಪ್ಟನ್, ಮಿಸ್ಸಿಸಾಗಾ, ಮಿಲ್ಟನ್ ಕಡೆಗೆ ಹೊಸದಾಗಿ ಬಂದ ಮನೆಗಳಿಗಾಗಿ ಬರೆದ ಈ ಮಾರ್ಗದರ್ಶಿಯಲ್ಲಿ ಸಿನ್ ನಂಬರ್, ಹೆಲ್ತ್ ಕಾರ್ಡ್, ಸ್ಕೂಲ್ ಅಡ್ಮಿಶನ್ ಎಲ್ಲ ಹಿಂದಿನ ಪುಟಗಳಲ್ಲೇ ಮುಗಿದಿದೆ. ಗೋಲೀ, ಅಂದರೆ ಐಸ್ ಹಾಕಿಯಲ್ಲಿ ಗೋಲು ಕಾಯುವವರ, ಸ್ಟಿಕ್ಕಿಗೂ ಒಂದು ಅಧ್ಯಾಯ ಬೇಕೇ ಎಂದು ನಮ್ಮ ಸಂಘದ ಕಮಿಟಿಯಲ್ಲೇ ಕೆಲವರು ನಕ್ಕರು. ಅವರ ಮಕ್ಕಳು ಈಜು, ಭರತನಾಟ್ಯದಲ್ಲಿದ್ದಾರೆ, ನಗಲಿ. ಸೆಪ್ಟೆಂಬರ್ ಬಂತೆಂದರೆ ವಾಟ್ಸಾಪ್ ಗುಂಪಿನಲ್ಲಿ "ಯಾವ ಸ್ಟಿಕ್ ತಗೊಳ್ಳೋದು ಸಾರ್, ಅರ್ಜೆಂಟ್" ಎಂದು ಶುರುವಾಗುವುದು ಯಾರ ಮನೆಯಿಂದ ಎಂದು ನಮಗೆ ಗೊತ್ತು.

ಇಲ್ಲಿ ಹಾಕಿ ಅಂದರೆ ಐಸ್ ಹಾಕಿ. ಸ್ಕೇಟಿಂಗ್ ಕಲಿಸುವುದು, ಹೌಸ್ ಲೀಗ್‌ಗೆ (ಊರಿನೊಳಗಿನ ಮಕ್ಕಳ ಲೀಗ್) ಹೆಸರು ಕೊಡುವುದು ಹೇಗೆಂದು ಇಲ್ಲಿ ಮತ್ತೆ ಬರೆಯುವುದಿಲ್ಲ. ಮಗು "ನಾನು ಗೋಲಲ್ಲಿ ನಿಲ್ತೀನಿ" ಎಂದ ಮೇಲಿನ ಮಾತು ಮಾತ್ರ ಇದು.

ಮೊದಲು ಕೇಳಿ, ಆಮೇಲೆ ಕೊಳ್ಳಿ

ಸಣ್ಣ ವಯಸ್ಸಿನ ವಿಭಾಗಗಳಲ್ಲಿ ಗೋಲೀ ಜಾಗ ಸಾಮಾನ್ಯವಾಗಿ ಒಬ್ಬರಿಗೇ ಮೀಸಲಲ್ಲ, ಮಕ್ಕಳು ಸರದಿಯಲ್ಲಿ ನಿಲ್ಲುತ್ತಾರೆ. ಅನೇಕ ಊರುಗಳ ಮೈನರ್ ಹಾಕಿ (ಮಕ್ಕಳ ಹಾಕಿ) ಸಂಸ್ಥೆಗಳು ಈ ಮಕ್ಕಳಿಗೆ ಕಾಲಿನ ಪ್ಯಾಡು, ಬ್ಲಾಕರ್ (ಸ್ಟಿಕ್ ಹಿಡಿಯುವ ಕೈಗೆ ತೊಡುವ ಹಲಗೆಯಂಥ ಗ್ಲೌಸ್), ಕ್ಯಾಚಿಂಗ್ ಗ್ಲೌಸ್, ಕೆಲವೊಮ್ಮೆ ಸ್ಟಿಕ್ಕನ್ನೂ ಸೀಸನ್ ಪೂರ್ತಿ ಎರವಲು ಕೊಡುತ್ತವೆ. ಮ್ಯಾನೇಜರ್‌ಗೆ ಒಂದು ಈಮೇಲ್ ಹಾಕಿದರೆ ಸಾಕು. ನಾವು ಕೇಳುವುದೇ ಇಲ್ಲ. ಕೇಳಿದರೆ ಬಡವರು ಅಂದುಕೊಂಡಾರು ಎಂಬ ಸಂಕೋಚ. ಇಲ್ಲಿಯೇ ಹುಟ್ಟಿ ಬೆಳೆದ, ಎರಡು ಕಾರಿರುವ ಮನೆಯವರು ಯಾವ ಸಂಕೋಚವೂ ಇಲ್ಲದೆ ಕೇಳಿ ಪಡೆಯುತ್ತಾರೆ.

'ಫಸ್ಟ್ ಶಿಫ್ಟ್' ಕಾರ್ಯಕ್ರಮದಲ್ಲಿ ಹೊಸ ಮಕ್ಕಳಿಗೆ ಕೊಡುವ ಸಾಮಾನು ಒಳ್ಳೆಯದೇ, ಆದರೆ ಅದು ಓಡಾಡಿ ಆಡುವವರ ಸೆಟ್, ಗೋಲೀಯದ್ದಲ್ಲ. ಫೀಸು ಭಾರವಾದರೆ ಕೆನೇಡಿಯನ್ ಟೈರ್ ಅಂಗಡಿಯವರ 'ಜಂಪ್‌ಸ್ಟಾರ್ಟ್' ನೆರವಿಗೆ ಅರ್ಜಿ ಹಾಕಬಹುದು.

ಬೆಳೆಯೋ ಮಗು ಅಲ್ವಾ?

ಅಲ್ಲ. ಅಂದರೆ ಬೆಳೆಯುತ್ತದೆ, ಆದರೆ ಸ್ಟಿಕ್ ವಿಷಯದಲ್ಲಿ ಆ ಲೆಕ್ಕ ಬೇಡ. ಊರಲ್ಲಿ ಜೂನ್ ತಿಂಗಳಲ್ಲಿ ಯೂನಿಫಾರ್ಮ್ ಹೊಲಿಸುವಾಗ ಒಂದು ಸೈಜು ದೊಡ್ಡದು ತೆಗೆದು, ಕೆಳಗೆ ಮಡಚಿ ಹೊಲಿಗೆ ಹಾಕಿಸಿ, ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದೆವಲ್ಲ, ಅದೇ ಬುದ್ಧಿ ಇಲ್ಲಿಯೂ ಕೈಹಿಡಿದು ಎಳೆಯುತ್ತದೆ. ಗೋಲೀ ಸ್ಟಿಕ್ಕಿನಲ್ಲಿ ಬಿಚ್ಚುವ ಮಡಿಕೆ ಇಲ್ಲ.

ಯಾಕೆ ಎಂದು ತಿಳಿಯಲು ಸ್ಟಿಕ್ಕನ್ನೊಮ್ಮೆ ಸರಿಯಾಗಿ ನೋಡಿ. ಕೆಳಗೆ ಐಸಿನ ಮೇಲೆ ಕೂರುವುದು ಬ್ಲೇಡ್. ಬ್ಲೇಡಿನ ಹಿಂಭಾಗ ಹೀಲ್, ಮುಂದಿನ ತುದಿ ಟೋ. ಹೀಲ್‌ನಿಂದ ಮೇಲಕ್ಕೆ ಅಗಲವಾದ ಹಲಗೆಯಂಥ ಭಾಗ ಪ್ಯಾಡಲ್. ಅದರ ಮೇಲಿನ ಸಣ್ಣ ಕೋಲು ಶಾಫ್ಟ್. ಅಗಲ ಮುಗಿದು ಸಣ್ಣದಾಗುವ ಆ ಭುಜದ ಹತ್ತಿರವೇ ಗೋಲೀಯ ಬ್ಲಾಕರ್ ಕೈ ಇರುತ್ತದೆ. ಹಾಗಾಗಿ ಅಳತೆ ಎಂದರೆ ಪ್ಯಾಡಲ್ ಅಳತೆ. ಮೇಲಿನ ತುದಿ ಮಗುವಿನ ಗಲ್ಲಕ್ಕೆ ಬಂತೋ ಮೂಗಿಗೆ ಬಂತೋ ನೋಡುವುದು ಉಳಿದ ಆಟಗಾರರ ಸ್ಟಿಕ್ಕಿಗೆ. ಅವರ ಸ್ಟಿಕ್ ಉದ್ದವಾದರೆ ಮೇಲಿಂದ ಗರಗಸದಲ್ಲಿ ಕತ್ತರಿಸಬಹುದು. ಗೋಲೀ ಸ್ಟಿಕ್ಕನ್ನು ಕತ್ತರಿಸಿದರೆ ಶಾಫ್ಟ್ ಮಾತ್ರ ಗಿಡ್ಡವಾಗುತ್ತದೆ, ಪ್ಯಾಡಲ್ ಇದ್ದಷ್ಟೇ ಇರುತ್ತದೆ. "ದೊಡ್ಡದು ತಗೊಂಡು ಕಟ್ ಮಾಡಿಸಿದ್ರಾಯ್ತು" ಎನ್ನುವ ಮಾವಂದಿರ ಮಾತು ಕೇಳಬೇಡಿ.

ಪ್ಯಾಡಲ್ ಉದ್ದವಾದರೆ ಏನಾಗುತ್ತದೆ? ಮಗು ಮಂಡಿ ಬಗ್ಗಿಸಿ ನಿಂತಾಗ ಕೈ ಮೇಲಕ್ಕೆ ಹೋಗುತ್ತದೆ, ಆ ಕಡೆಯ ಭುಜ ಎದ್ದು ನಿಲ್ಲುತ್ತದೆ, ಬ್ಲೇಡಿನ ಹೀಲ್ ಐಸ್ ಬಿಟ್ಟು ಮೇಲೇಳುತ್ತದೆ. ಕೆಲವು ಮಕ್ಕಳು ಹೀಲ್ ಕೂರಿಸಲು ಸ್ಟಿಕ್ಕನ್ನು ಮೈಯಿಂದ ದೂರ ತಳ್ಳಿ ಹಿಡಿಯುತ್ತಾರೆ. ಆಗ ಕಂಕುಳ ಕೆಳಗೆ ಒಂದು ಕಿಟಕಿ. ಎದುರು ಟೀಮಿನ ಒಂಬತ್ತು ವರ್ಷದ ಪೋರನಿಗೂ ಆ ಕಿಟಕಿ ಕಾಣಿಸುತ್ತದೆ. ಮಗು ಬಟರ್‌ಫ್ಲೈ ಮಾಡಿದಾಗ, ಅಂದರೆ ಮಂಡಿ ಐಸಿಗೆ ಊರಿ ಕಾಲೆರಡನ್ನೂ ಪಕ್ಕಕ್ಕೆ ಚಾಚಿದಾಗ, ಇನ್ನೂ ಕಷ್ಟ. ಕೈ ಕೆಳಗಿಳಿಯಬೇಕು, ಪ್ಯಾಡಲ್ ಬಿಡುವುದಿಲ್ಲ, ಬ್ಲೇಡ್ ತಿರುಗಿಕೊಳ್ಳುತ್ತದೆ, ಪಕ್ (ಚೆಂಡಿನ ಬದಲು ಇಲ್ಲಿ ಆಡುವ ಚಪ್ಪಟೆ ರಬ್ಬರ್ ಬಿಲ್ಲೆ) ಕಾಲ ಸಂದಿಯಲ್ಲಿ ನುಗ್ಗುತ್ತದೆ. ಸ್ಟ್ಯಾಂಡಿನಲ್ಲಿ ಕೂತ ನಾವು "ಕಾಲು ಮುಚ್ಚೋ!" ಎಂದು ಕನ್ನಡದಲ್ಲಿ ಕೂಗುತ್ತೇವೆ. ಕೂಗಬೇಡಿ. ಕಾಲು ಮುಚ್ಚಿಯೇ ಇತ್ತು.

ಗಿಡ್ಡವಾದರೆ ಮಗು ಸೊಂಟದಿಂದ ಬಾಗುತ್ತದೆ, ತಲೆ ಕೆಳಗಾಗುತ್ತದೆ, ಮೇಲಿಂದ ಬರುವ ಪಕ್ ಕಾಣುವುದಿಲ್ಲ. ಆದರೂ ನಮ್ಮ ಮನೆಗಳಲ್ಲಿ ಗಿಡ್ಡವಾಗಿ ಕೆಟ್ಟದ್ದಕ್ಕಿಂತ ಉದ್ದವಾಗಿ ಕೆಟ್ಟದ್ದೇ ಹೆಚ್ಚು.

ಅಂದಾಜಿಗೆ ಪ್ಯಾಡಲ್ ಅಳತೆ ಹೀಗೆ, ಕಂಪನಿಯಿಂದ ಕಂಪನಿಗೆ ಒಂದಿಂಚು ಅತ್ತಿತ್ತ ಆಗುತ್ತದೆ:

ಯೂತ್: 20 ಇಂಚಿನೊಳಗೆ
ಜೂನಿಯರ್: 20ರಿಂದ 22
ಇಂಟರ್‌ಮೀಡಿಯೆಟ್: 22ರಿಂದ 24
ಸೀನಿಯರ್: 25ರ ಆಸುಪಾಸು ಮತ್ತು ಮೇಲೆ

ಅಂಗಡಿಯ ಗೋಡೆಯ ಮೇಲೆ ಎತ್ತರದ ಚಾರ್ಟ್ ಇರುತ್ತದೆ. ಶುರು ಮಾಡಲು ಅದು ಸಾಕು, ತೀರ್ಮಾನಕ್ಕೆ ಸಾಲದು. ಒಂದೇ ಎತ್ತರದ ಇಬ್ಬರು ಮಕ್ಕಳಲ್ಲಿ ಒಬ್ಬ ಕುಕ್ಕರುಗಾಲಿನಷ್ಟು ತಗ್ಗಿ ನಿಲ್ಲುತ್ತಾನೆ, ಇನ್ನೊಬ್ಬಳು ನೆಟ್ಟಗೆ ನಿಲ್ಲುತ್ತಾಳೆ. ಇಬ್ಬರಿಗೂ ಒಂದೇ ಪ್ಯಾಡಲ್ ಆಗುವುದಿಲ್ಲ.

ನೋಡುವ ಕ್ರಮ ಇದು. ಸ್ಕೇಟ್ ಹಾಕಿಸಿ, ಅದರ ಅಲಗಿಗೆ ಗಾರ್ಡ್ ತೊಡಿಸಿ, ಅಂಗಡಿಯ ರಬ್ಬರ್ ಮ್ಯಾಟಿನ ಮೇಲೆ ನಿಲ್ಲಿಸಿ. ಬರಿಗಾಲಲ್ಲಿ ನೋಡಿದ ಅಳತೆ ಅಳತೆಯಲ್ಲ, ಸ್ಕೇಟಿನ ಎತ್ತರವೇ ಎಲ್ಲ ಬದಲಿಸುತ್ತದೆ. ಕೈಗೆ ಅದರದ್ದೇ ಬ್ಲಾಕರ್ ಇರಲಿ. ಪಂದ್ಯದಲ್ಲಿ ನಿಲ್ಲುವ ಹಾಗೆ ನಿಲ್ಲಲು ಹೇಳಿ, ಫೋಟೋಗೆ ನಿಲ್ಲುವ ಹಾಗಲ್ಲ. ಬ್ಲೇಡ್ ಹೀಲ್‌ನಿಂದ ಟೋವರೆಗೆ ನೆಲಕ್ಕೆ ಕೂತಿದೆಯೇ, ಎರಡೂ ಭುಜ ಸಮ ಇವೆಯೇ, ಮೊಣಕೈ ಪಕ್ಕೆಗಿಂತ ತುಸು ಮುಂದೆ ಸಡಿಲವಾಗಿದೆಯೇ ನೋಡಿ. ಆಮೇಲೆ ಮಂಡಿಯೂರಿಸಿ ಮತ್ತೊಮ್ಮೆ ನೋಡಿ. ಹಿಂದೆ ಸಾಲಿನಲ್ಲಿ ಜನ ನಿಂತಿದ್ದಾರೆಂದು ಅವಸರ ಬೇಡ.

ಯಾವ ಕೈ?

ಕೊಡಗಿನ ಕಡೆಯವರಿಗೆ ಮೊದಲೇ ಒಂದು ಮಾತು. 1997ರಿಂದ ನಡೆದುಬಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿ ಬೆಳೆದವರು ನೀವು. 1998ರ ಬ್ಯಾಂಕಾಕ್ ಏಷ್ಯಾಡ್ ಫೈನಲ್‌ನ ಟೈಬ್ರೇಕರ್‌ನಲ್ಲಿ ಆಶಿಶ್ ಬಲ್ಲಾಳ್ ಗೋಲು ಕಾದದ್ದು ನಮಗೆಲ್ಲ ಇವತ್ತಿಗೂ ಎದೆಯುಬ್ಬಿಸುವ ವಿಷಯ. ಆದರೆ ಆ ಅನುಭವ ಈ ಅಂಗಡಿಯಲ್ಲಿ ದಾರಿ ತಪ್ಪಿಸುತ್ತದೆ. ಫೀಲ್ಡ್ ಹಾಕಿಯಲ್ಲಿ ಎಡಗೈ ಸ್ಟಿಕ್ ಎಂಬುದೇ ಇಲ್ಲ, ಎಲ್ಲರದೂ ಒಂದೇ ಬಗೆ. ಇಲ್ಲಿ ಎಡ ಬಲ ಬೇರೆ ಬೇರೆ, ಬ್ಲೇಡ್ ಬಾಗಿರುವ ದಿಕ್ಕೇ ಬೇರೆ.

ಗೋಲೀ ಒಂದು ಕೈಯಲ್ಲಿ ಪಕ್ ಹಿಡಿಯುತ್ತಾನೆ, ಇನ್ನೊಂದರಲ್ಲಿ ಬ್ಲಾಕರ್ ತೊಟ್ಟು ಸ್ಟಿಕ್ ಹಿಡಿದಿರುತ್ತಾನೆ. ಹೆಚ್ಚಿನವರು ಪಕ್ ಹಿಡಿಯುವುದು ಎಡಗೈಯಲ್ಲಿ, ಸ್ಟಿಕ್ ಬಲಗೈಯಲ್ಲಿ. ಇವರಿಗೆ ಬೇಕಾದದ್ದು ರೆಗ್ಯುಲರ್. ಅದರ ಮೇಲಿನ ಚೀಟಿಯಲ್ಲಿ ಬಹಳ ಸಲ 'ಲೆಫ್ಟ್' ಎಂದೇ ಬರೆದಿರುತ್ತದೆ, ಏಕೆಂದರೆ ಎರಡೂ ಕೈಯಿಂದ ಹಿಡಿದು ಪಕ್ ಹೊಡೆಯುವಾಗ ಎಡಗೈ ಕೆಳಗೆ ಬರುತ್ತದೆ. ಬಲಗೈಯಲ್ಲಿ ಹಿಡಿಯುವ ಅಪರೂಪದ ಮಕ್ಕಳಿಗೆ 'ಫುಲ್ ರೈಟ್'. ಈಗ ನೀವು ಅಂಗಡಿಗೆ ಹೋಗಿ "ಮೈ ಸನ್ ಈಸ್ ರೈಟ್ ಹ್ಯಾಂಡ್" ಎಂದರೆ ಏನು ಬರುತ್ತದೆ ಯೋಚಿಸಿ.

ನಮ್ಮ ಮನೆಗೆ ಬಂದದ್ದು ಅದೇ. ಅಂಗಡಿಯ ಹುಡುಗ ಮಗಳು ಯಾವ ಕೈಯಲ್ಲಿ ಹಿಡಿಯುತ್ತಾಳೆ ಎಂದು ಕೇಳಲಿಲ್ಲ, ಬರೆಯುವುದು ಯಾವ ಕೈಯಲ್ಲಿ ಎಂದು ಕೇಳಿ ಫುಲ್ ರೈಟ್ ಕೊಟ್ಟು ಕಳಿಸಿದ. ಟೇಪ್ ಕೂಡ ತಾನೇ ಸುತ್ತಿ ಕೊಟ್ಟ. ಮರುದಿನ ಕೋಚ್ ನೋಡಿ ಹೇಳಿದ ಮೇಲೆ ವಾಪಸ್ ಒಯ್ದರೆ "ಟೇಪ್ ಸುತ್ತಿದ್ದನ್ನು ತಗೊಳ್ಳಲ್ಲ" ಎಂಬ ಉತ್ತರ. ಸುತ್ತಿದವನೇ ಕೌಂಟರಿನಲ್ಲಿ ನಿಂತಿದ್ದ. ಅದಕ್ಕೇ ಹೇಳುವುದು, ಮೊದಲ ಪ್ರಾಕ್ಟೀಸ್‌ಗೆ ಮುಂಚೆ ಕೋಚ್‌ಗೆ ತೋರಿಸುವವರೆಗೆ ಟೇಪ್ ಸುತ್ತಬೇಡಿ, ಸುತ್ತಲು ಬಿಡಲೂಬೇಡಿ. ಬಿಲ್ಲು ಫ್ರಿಜ್ ಮೇಲೆ ಅಂಟಿಸಿಡಿ.

ನೀವೇ ಪರೀಕ್ಷಿಸುವ ಉಪಾಯ ಇದೆ. ಮಗು ಬ್ಲಾಕರ್ ಕೈಯಲ್ಲಿ ಸ್ಟಿಕ್ ಹಿಡಿದು, ಬ್ಲೇಡನ್ನು ಪಾದದ ಮುಂದೆ ಅಡ್ಡವಾಗಿ ನೆಲಕ್ಕೂರಲಿ. ಬ್ಲೇಡಿನ ಟೋ ಮುಂದಕ್ಕೆ, ಅಂದರೆ ಹೊಡೆಯುವವರ ಕಡೆಗೆ ಬಾಗಿದ್ದರೆ ಸರಿ. ಮಗುವಿನ ಪಾದದ ಕಡೆಗೆ ಬಾಗಿದ್ದರೆ ಕೈ ತಪ್ಪಿದೆ, ಚೀಟಿಯಲ್ಲಿ ಏನೇ ಬರೆದಿರಲಿ.

ಯಾವ ಕೈಯಲ್ಲಿ ಹಿಡಿಯುತ್ತದೆ ಎಂದೇ ಗೊತ್ತಿಲ್ಲವೇ? ಕ್ರಿಕೆಟ್ ಆಡಿದ ಮಕ್ಕಳು ಎರಡೂ ಕೈ ಜೋಡಿಸಿ ಹಿಡಿಯುತ್ತಾರೆ, ಹೀಗಾಗಿ ಗೊಂದಲ ಸಹಜ. ಎಸೆಯುವ ಕೈ ನೋಡಿ. ಬಲಗೈಯಲ್ಲಿ ಎಸೆಯುವ ಮಗುವಿಗೆ ಸಾಮಾನ್ಯವಾಗಿ ಎಡಗೈಯಲ್ಲಿ ಹಿಡಿಯುವುದು ಒಗ್ಗುತ್ತದೆ. ಬ್ಯಾಟ್ ಹಿಡಿಯುವ ಕೈಯಿಂದ ಮಾತ್ರ ನಿರ್ಧರಿಸಬೇಡಿ. ಬಲಗೈ ಬ್ಯಾಟ್ಸ್‌ಮನ್‌ಗೆ ಬಲಗೈ ಕೆಳಗೆ, ರೆಗ್ಯುಲರ್ ಗೋಲೀಗೆ ಬಲಗೈ ಮೇಲೆ. ಚಿನ್ನಸ್ವಾಮಿಯಲ್ಲಿ ಸಮ್ಮರ್ ಕ್ಯಾಂಪ್ ಮಾಡಿಬಂದ ಹುಡುಗರು ಪಕ್ ಹೊರದೂಡುವಾಗ ಮೊದಮೊದಲು ತಡವರಿಸುವುದು ಇದಕ್ಕೇ. ಅಭ್ಯಾಸದಿಂದ ಸರಿಹೋಗುತ್ತದೆ, ಹೊಸ ಸ್ಟಿಕ್ಕಿನಿಂದಲ್ಲ.

ಲೈ, ಕರ್ವ್

ಲೈ ಎಂದರೆ ಬ್ಲೇಡ್ ಮತ್ತು ಪ್ಯಾಡಲ್ ನಡುವಿನ ಕೋನ, ಅಂಕಿಯಲ್ಲಿ ಬರೆದಿರುತ್ತದೆ. ಅಂಕಿ ಹೆಚ್ಚಿದ್ದರೆ ನೆಟ್ಟಗೆ ನಿಲ್ಲುವವರಿಗೆ, ಕಡಿಮೆ ಇದ್ದರೆ ತಗ್ಗಿ ನಿಲ್ಲುವವರಿಗೆ. ಪ್ಯಾಡಲ್ ಸರಿ ಇದ್ದೂ ಟೋ ಎದ್ದು ನಿಂತರೆ ಕಡಿಮೆ ಲೈ ನೋಡಿ, ಹೀಲ್ ಎದ್ದರೆ ಹೆಚ್ಚಿನದು. ಕರ್ವ್, ಅಂದರೆ ಬ್ಲೇಡಿನ ಬಾಗು, ಸಣ್ಣದಿರಲಿ. ಟಿವಿಯಲ್ಲಿ ಕಾಣುವ ದೊಡ್ಡ ಕರ್ವ್ ಪಕ್ಕನ್ನು ಎತ್ತಿ ದೂರ ಎಸೆಯಲು. ನಿಮ್ಮ ಮಗು ಸದ್ಯ ಪಕ್ ತಡೆಯಲಿ. 1987ರಲ್ಲಿ ರಾನ್ ಹೆಕ್ಸ್‌ಟಾಲ್ ಗೋಲೀ ಆಗಿದ್ದುಕೊಂಡೇ ಎದುರಿನ ಖಾಲಿ ನೆಟ್‌ಗೆ ಪಕ್ ಹೊಡೆದು ಗೋಲು ಗಳಿಸಿದ ಕಥೆ ಹೇಳಿ ಮಗ ಹಟ ಹಿಡಿದರೂ ಇದೇ ಉತ್ತರ ಕೊಡಿ.

ಮರವೋ ಕಾಂಪೊಸಿಟೋ

ಫೋಮ್ ಕೋರ್ ಸ್ಟಿಕ್ ಎಂದರೆ ಒಳಗೆ ಫೋಮ್, ಹೊರಗೆ ಮರ ಮತ್ತು ಫೈಬರ್‌ಗ್ಲಾಸ್. ತೂಕ ಹೆಚ್ಚು, ಬೆಲೆ ಕಡಿಮೆ, ಪಕ್ ಬಡಿದಾಗ ಕೈಗೆ ಝುಮ್ಮೆನ್ನುವುದು ಕಡಿಮೆ. ಕಾಂಪೊಸಿಟ್ ಕಾರ್ಬನ್ ಫೈಬರ್‌ನದು, ಹಗುರ, ಸೀಳಿದರೆ ಮುಗಿಯಿತು. ಮೇಲ್ದರ್ಜೆಯ ಸೀನಿಯರ್ ಕಾಂಪೊಸಿಟ್ 300 ಡಾಲರ್ ದಾಟುತ್ತದೆ, ಅದರ ಮೇಲೆ 13 ಶೇಕಡಾ ಎಚ್‌ಎಸ್‌ಟಿ. ಇಲ್ಲಿ ಚೀಟಿಯ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ ಎಂಬುದು ಹೊಸಬರಿಗೆ ಕೌಂಟರಿನಲ್ಲೇ ಗೊತ್ತಾಗುವುದು.

ಯು11, ಅಂದರೆ ಹನ್ನೊಂದರೊಳಗಿನವರ ವಿಭಾಗದವರೆಗೆ, ಫೋಮ್ ಕೋರ್ ಧಾರಾಳ ಸಾಕು ಎಂಬುದು ನಮ್ಮ ಅಭಿಪ್ರಾಯ. ಒಂದೇ ವಿನಾಯಿತಿ: ಪಂದ್ಯದ ಕೊನೆಯ, ಮೂರನೇ ಪೀರಿಯಡ್ ಹೊತ್ತಿಗೆ ಮಗುವಿನ ಮಣಿಕಟ್ಟು ಸೋತು ಬ್ಲೇಡ್ ವಾಲುತ್ತಿದ್ದರೆ ಹಗುರವಾದದ್ದು ಬೇಕು, ಆಗಲೂ ಅಗ್ಗದ ಕಾಂಪೊಸಿಟ್ ಸಾಕು. ಪಕ್ಕದ ಮನೆಯ ಮಗುವಿನ ಹತ್ತಿರ ಇದೆ ಎಂಬ ಕಾರಣಕ್ಕೆ ಮೇಲ್ದರ್ಜೆಯದು ಕೊಳ್ಳುವುದು ಮಲ್ಲೇಶ್ವರದಲ್ಲೂ ಇತ್ತು, ಇಲ್ಲೂ ಬಂದಿದೆ.

ಹಳೆಯದು ಕೊಳ್ಳುವುದರಲ್ಲಿ ತಪ್ಪಿಲ್ಲ, ಪ್ಲೇ ಇಟ್ ಅಗೇನ್ ಸ್ಪೋರ್ಟ್ಸ್‌ನಲ್ಲಿ ಸಿಗುತ್ತದೆ. ಬ್ಲೇಡಿನ ಹೀಲ್ ಹತ್ತಿರ ಟೇಪ್ ಬಿಚ್ಚಿಸಿ ನೋಡಿ, ಬಿರುಕು ಅಲ್ಲೇ ಅಡಗಿರುತ್ತದೆ. ಡ್ರೈವ್‌ವೇಯಲ್ಲಿ ಆಡಲು ಬೇರೆ ಹಳೆಯ ಸ್ಟಿಕ್ ಇರಲಿ, ಡಾಂಬರು ಬ್ಲೇಡನ್ನು ಉಜ್ಜಿ ತಿಂದುಬಿಡುತ್ತದೆ.

ಟೇಪ್

ಬ್ಲೇಡಿಗೆ ಬಟ್ಟೆಯ ಟೇಪ್, ಹೀಲ್‌ನಿಂದ ಟೋಗೆ. ಬಿಳಿಯೋ ಕಪ್ಪೋ ಎಂಬ ಜಗಳಕ್ಕೆ ನಾವು ಬರುವುದಿಲ್ಲ. ಮೇಲಿನ ತುದಿಗೆ ದಪ್ಪ ಗುಂಡು ಕಟ್ಟಬೇಕು. ಮುಂದಕ್ಕೆ ಚಾಚಿ ಪಕ್ ತಿವಿಯುವಾಗ ಕೈ ಅಲ್ಲಿಯವರೆಗೆ ಜಾರಿ ನಿಲ್ಲಲು ಅದು ಬೇಕು. ಸ್ಟಿಕ್ ಕೈತಪ್ಪಿ ಬಿದ್ದಾಗ ಗುಂಡಿನಿಂದ ತುದಿ ಐಸ್‌ಗಿಂತ ಸ್ವಲ್ಪ ಎತ್ತರದಲ್ಲಿರುತ್ತದೆ, ಆ ದಪ್ಪ ಬ್ಲಾಕರ್ ತೊಟ್ಟ ಕೈಗೂ ಎತ್ತಿಕೊಳ್ಳಲು ಸಿಗುತ್ತದೆ.

ಅಂಗಡಿಗೆ ಒಯ್ಯಬೇಕಾದದ್ದು

ಮಗು (ಇದನ್ನೂ ಬರೆಯಬೇಕಾಗಿದೆ)
ಸ್ಕೇಟ್, ಗಾರ್ಡ್
ಬ್ಲಾಕರ್
ಪ್ಯಾಡು, ಕಾರಿನಲ್ಲಿ ಜಾಗವಿದ್ದರೆ
ಹಳೆಯ ಸ್ಟಿಕ್
ಅಳತೆ ಟೇಪ್, ಇಂಚಿನದು

ಸ್ಟಿಕ್ ಅಲ್ಲ, ಆದರೂ

ಗೋಲೀ ಮಾಸ್ಕ್ ಮೇಲೆ ಸಿಎಸ್‌ಎ ಗುರುತು, ಕತ್ತಿನ ರಕ್ಷಣೆಯ ಮೇಲೆ ಬಿಎನ್‌ಕ್ಯೂ ಗುರುತು ಇರಲೇಬೇಕು, ಎರಡೂ ಇಲ್ಲಿನ ಸುರಕ್ಷತಾ ಮಾನದಂಡದ ಗುರುತುಗಳು. ದೊಡ್ಡವರ ಪಂದ್ಯಗಳಲ್ಲಿ ಕಾಣುವ 'ಕ್ಯಾಟ್ ಐ' ಜಾಲರಿಯ ಮಾಸ್ಕ್ ಇಲ್ಲಿನ ಮಕ್ಕಳ ಹಾಕಿಗೆ ನಡೆಯುವುದಿಲ್ಲ, ಆ ಕಿಂಡಿಗಳಲ್ಲಿ ಸ್ಟಿಕ್ಕಿನ ತುದಿ ತೂರುತ್ತದೆ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಅಗ್ಗಕ್ಕೆ ಸಿಗುವುದು ಇಂಥವೇ. ಸ್ಟಿಕ್ಕಿನಲ್ಲಿ ಉಳಿಸಿ, ಇಲ್ಲಿ ಉಳಿಸಬೇಡಿ.

ಸಂಘದ ಎರವಲು ಸ್ಟಿಕ್ಕುಗಳು

ಮಕ್ಕಳು ಬೆಳೆದ ಮನೆಗಳಿಂದ ಬಂದ ಯೂತ್, ಜೂನಿಯರ್ ಸ್ಟಿಕ್ಕುಗಳು ನಮ್ಮಲ್ಲಿವೆ, ಬಹುತೇಕ ರೆಗ್ಯುಲರ್. ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಎತ್ತರ ಬರೆಯಬೇಡಿ, ಪ್ಯಾಡಲ್ ಅಳತೆ ಮತ್ತು ಪಕ್ ಹಿಡಿಯುವ ಕೈ ಬರೆಯಿರಿ. ಪಡೆದವರು ಏಪ್ರಿಲ್‌ನಲ್ಲಿ ಹಳೆಯ ಟೇಪ್ ಕಿತ್ತು, ಒರೆಸಿ ವಾಪಸ್ ಕೊಡಬೇಕು. ಯುಗಾದಿ ಕಾರ್ಯಕ್ರಮಕ್ಕೆ ಬರುವಾಗ ಕಾರಿನಲ್ಲಿ ಹಾಕಿಕೊಂಡು ಬಂದರೆ ಆಯಿತು. ಹೋದ ವರ್ಷ ಒಯ್ದು ಇನ್ನೂ ಕೊಡದವರ ಹೆಸರು ಇಲ್ಲಿ ಬರೆಯುತ್ತಿಲ್ಲ.