ನೆರಳು ಬಿದ್ದಾಗ ಕುಸಿಯುತ್ತಿದ್ದ ಸೋಲಾರ್ ಪವರ್: ನನ್ನ ಅನುಭವ

ಪ್ಯಾನೆಲ್ ಸಾಲಿನ ಒಂದು ಮೂಲೆಗೆ ನೆರಳು ಬಿದ್ದರೂ ಪವರ್ ವಿಪರೀತ ಇಳಿಯುತ್ತಿತ್ತು. ವೈರಿಂಗ್ ಎಲ್ಲ ಸರಿಯಿತ್ತು. ವೋಲ್ಟೇಜ್ ಪೂರ್ತಿ ಬದಲಿಸುತ್ತಾ ಗ್ರಾಫ್ ತೆಗೆದಾಗ ಕಾರಣ ಸಿಕ್ಕಿತು. 60 ಸೆಲ್‌ಗಳ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 3 ಬೈಪಾಸ್ ಡಯೋಡ್ (ನೆರಳಾದ ಸೆಲ್‌ಗಳನ್ನು ಬಿಟ್ಟು ಕರೆಂಟನ್ನು ಪಕ್ಕದಿಂದ ಹರಿಸುವ ಭಾಗ) ಇರುತ್ತವೆ. ನೆರಳಿನಲ್ಲಿ ಅವು ಕೆಲಸ ಶುರು ಮಾಡಿದರೆ ಪವರ್ ಗ್ರಾಫಿನಲ್ಲಿ ಒಂದರ ಬದಲು ಹಲವು ಶಿಖರಗಳು ಏಳುತ್ತವೆ. ಹೆಚ್ಚು ಪವರ್ ಸಿಗುವ ವೋಲ್ಟೇಜ್ ಹುಡುಕುವ ನಮ್ಮ ಕಂಟ್ರೋಲರ್ ವೋಲ್ಟೇಜನ್ನು ಚೂರು ಚೂರೇ ಅಲುಗಿಸಿ ನೋಡುವಂಥದ್ದು. ಹತ್ತಿರದ ಚಿಕ್ಕ ಶಿಖರ ಹತ್ತಿ ಅಲ್ಲೇ ನಿಲ್ಲುತ್ತಿತ್ತು. ಆಚೆಗಿನ ದೊಡ್ಡದು ಅದಕ್ಕೆ ಕಾಣೋದೇ ಇಲ್ಲ ಅಲ್ವಾ!

ಈಗ ಪವರ್ ದಿಢೀರ್ ಇಳಿದಾಗ, ಜೊತೆಗೆ ಕೆಲವು ನಿಮಿಷಕ್ಕೊಮ್ಮೆ, ಪೂರ್ತಿ ವೋಲ್ಟೇಜ್ ಸ್ಕ್ಯಾನ್ ಮಾಡಿಸುತ್ತೇನೆ. ಎತ್ತರದ ಶಿಖರ ಸಿಕ್ಕ ಮೇಲೆ ಹಳೇ ಕ್ರಮವೇ ಮುಂದುವರಿಯುತ್ತದೆ. ಪವರ್ ಮೇಲೇರಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. ಸ್ಕ್ಯಾನ್ ಆಗುವಷ್ಟು ಹೊತ್ತು ಸ್ವಲ್ಪ ವಿದ್ಯುತ್ ನಷ್ಟ ಇದ್ದೇ ಇದೆ. ಹಾಗಾಗಿ ಸುಮ್ನೆ ಪದೇ ಪದೇ ಓಡಿಸಬೇಡಿ.